ನೀರೊಳಗಿನ ಬೇಲಿ

ತ್ರಿವೇಣಿ ಹಾಯಿದೋಣಿ ಕಟ್ಟುತ್ತೇನೆ ಎಂದಾಗ ಅವಳ ಚಿಕ್ಕಪ್ಪ ಶ್ರೀರಾಮಪ್ಪ ನಕ್ಕುಬಿಟ್ಟಿದ್ದ. ಚಿಂತಮಾನುಪಲ್ಲಿಯಲ್ಲಿ ನಗದೆ ಇದ್ದವರು ಯಾರೂ ಇರಲಿಲ್ಲ. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ ಎಂಟು ಕಿಲೋಮೀಟರು ಒಳಗಿರುವ ಆ ಊರಿನ ಕೆರೆ ಹದಿನೈದು ವರ್ಷ ಒಣಗಿ ಬಿದ್ದಿತ್ತು. ಐದು ವರ್ಷದ ಹಿಂದೆ ಹಿಡಿದ ಮಳೆಗೆ ತುಂಬಿ ಕೋಡಿ ಹರಿಯಿತು. ಅಲ್ಲಿಂದೀಚೆಗೆ ಬೇಸಿಗೆಯಲ್ಲಿ ಇಳಿಯುತ್ತದೆ, ಮಳೆಗಾಲದಲ್ಲಿ ಏರುತ್ತದೆ, ಬತ್ತಿಲ್ಲ. ಆದರೂ ದೋಣಿ ಎಂದರೆ ಊರಿನವರಿಗೆ ಟೀವಿಯಲ್ಲಿ ನೋಡಿದ ವಸ್ತು.

ತ್ರಿವೇಣಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯ ನೌಕಾ ವಿಭಾಗ ಸೇರಿ, ಮೂರು ವರ್ಷ ಹಾಯಿ ಎಳೆಯುವುದನ್ನು ಕಲಿತು ಬಂದಿದ್ದಳು. ಆ ದಿನಗಳ ಬಗ್ಗೆ ಅವಳು ಮಾತಾಡುವಾಗ ದನಿಯೇ ಬೇರೆಯಾಗುತ್ತಿತ್ತು. ಅಪ್ಪನನ್ನು ಕಳೆದುಕೊಂಡಾಗ ಅವಳಿಗೆ ಒಂಬತ್ತು ವರ್ಷ. ಸಾಕಿ ಬೆಳೆಸಿದ್ದು ಶ್ರೀರಾಮಪ್ಪ, ಅವನ ಹೆಂಡತಿ ಅಕ್ಕಯಮ್ಮ. ಹಾಗಾಗಿ ದಸರಾ ರಜೆಯಲ್ಲಿ ಅವಳು "ಚಿಕ್ಕಪ್ಪ, ರೇಷ್ಮೆ ಮನೆ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಕಟ್ಕೊಳ್ಲಾ?" ಎಂದಾಗ ಅವನು ನಗುತ್ತಲೇ ಬೀಗದ ಕೈ ಕೊಟ್ಟ. ಹಲಗೆ ತರುವಷ್ಟರಲ್ಲಿ ಹುಚ್ಚು ಬಿಡುತ್ತದೆ ಎಂದುಕೊಂಡಿದ್ದ.

ಹುಚ್ಚು ಬಿಡಲಿಲ್ಲ. ಬಡಗಿ ವೇಣುಗೋಪಾಲಾಚಾರಿ ತನ್ನ ಚೀಲ ಹೊತ್ತು ಬಂದು ಹುಳು ಸಾಕುವ ತಟ್ಟೆಗಳನ್ನು ಮೂಲೆಗೆ ಸೇರಿಸಿ, ಹನ್ನೆರಡು ಅಡಿ ಉದ್ದಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಬಾಗಿಲು, ಕಿಟಕಿ, ಮಂಚ ಬಿಟ್ಟು ಬೇರೇನೂ ಮಾಡದ ಕೈ ಅದು. ಮೊದಲ ವಾರ ತ್ರಿವೇಣಿಯ ನಕ್ಷೆಯನ್ನು ಅನುಮಾನದಿಂದ ನೋಡಿದ. ನೀರಿಗೆ ಜಗ್ಗದ ಪ್ಲೈವುಡ್ಡನ್ನು ಕತ್ತರಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತಾಮ್ರದ ತಂತಿಯಿಂದ ಎರಡು ಹಲಗೆಗಳನ್ನು ಹೊಲಿಗೆ ಹಾಕಿದಂತೆ ಬಿಗಿದಾಗ, ಚಪ್ಪಟೆ ಹಲಗೆಗಳು ತಾವಾಗಿಯೇ ಎದ್ದು ಬಾಗಿ ಹೊಟ್ಟೆಯಂತೆ ಉಬ್ಬಿದವು. ಅಂದಿನಿಂದ ಅವನು ನಗುವುದು ಬಿಟ್ಟ. ಬೆಳಿಗ್ಗೆ ಎಂಟಕ್ಕೇ ಬಂದು ಕೂರತೊಡಗಿದ.

ಶ್ರೀರಾಮಪ್ಪನ ನಗು ನಿಂತದ್ದೂ ಅಂದಿನಿಂದಲೇ. ಈ ದೋಣಿ ನಿಜವಾಗಿ ನೀರಿಗಿಳಿಯುತ್ತದೆ ಎಂದು ಅವನಿಗೆ ಅರ್ಥವಾಯಿತು.

ಕೆರೆ ಒಣಗಿದ್ದಾಗ ಅದರ ಪಡುವಣ ಅಂಗಳದಲ್ಲಿ ಮೂರು ಎಕರೆಯನ್ನು ಅವನು ತನ್ನ ಹೊಲಕ್ಕೆ ಸೇರಿಸಿಕೊಂಡಿದ್ದ. ಹನ್ನೆರಡು ವರ್ಷ ಅಲ್ಲಿ ಟೊಮೆಟೊ, ಕೋಸು ಬೆಳೆದ. ನಡುವೆ ಬಾವಿ ತೋಡಿಸಿದ. ಬಾವಿಯ ಪಕ್ಕ ಮೇಲೆ ಚಪ್ಪಡಿ ಕಲ್ಲಿನ ಸೂರು ಹಾಸಿದ ಮೋಟಾರು ಮನೆ, ಸುತ್ತಲೂ ಆಳೆತ್ತರದ ಕಲ್ಲುಕಂಬ ನೆಟ್ಟು ಐದು ಸುತ್ತು ಮುಳ್ಳುತಂತಿ. ಟ್ರ್ಯಾಕ್ಟರ್ ಹೋಗಲೆಂದು ಹೊಲದಿಂದ ಬಾವಿಯವರೆಗೆ ಮಣ್ಣು ಏರಿಸಿ ದಾರಿ. ಕೆರೆ ತುಂಬುವ ಸೂಚನೆ ಬಂದು, ಒತ್ತುವರಿ ತೆರವು ಮಾಡಿ ಎಂದು ಪಂಚಾಯಿತಿಯವರು ಹೇಳಿದಾಗ, ಮೂರು ಎಕರೆಯ ಸುತ್ತಲಿದ್ದ ಹೊರಗಿನ ಬೇಲಿ ಕಿತ್ತ. ಒಳಗಿನದನ್ನು ನಾಳೆ, ನಾಡಿದ್ದು ಎಂದ. ನಾಲ್ಕೇ ದಿನಕ್ಕೆ ನೀರು ನುಗ್ಗಿತು. ಪಂಚಾಯಿತಿಯಲ್ಲಿ ಕೇಳಿದಾಗ "ಎಲ್ಲಾ ಕಿತ್ತಿದ್ದೀನಿ, ಬಾವೀನೂ ಮುಚ್ಚಿದ್ದೀನಿ" ಎಂದು ಹೇಳಿ ಕಾಗದದ ಮೇಲೆ ಸಹಿ ಹಾಕಿದ. ನೀರು ಎಲ್ಲವನ್ನೂ ಮುಚ್ಚಿತ್ತು. ಯಾರೂ ಇಳಿದು ನೋಡುವಂತಿರಲಿಲ್ಲ.

ಅಷ್ಟೇ ಆಗಿದ್ದರೆ ಅದು ಒಂದು ಸುಳ್ಳು. ಆದರೆ ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಅನಿಲ್‌ಕುಮಾರ್ ಸತ್ತ.

ಅವನು ಥರ್ಮಾಕೋಲ್ ಹಾಳೆಗಳನ್ನು ಬಿದಿರಿಗೆ ಬಿಗಿದು ತೆಪ್ಪ ಮಾಡಿಕೊಂಡು ಮೀನು ಹಿಡಿಯುತ್ತಿದ್ದ. ತೆಪ್ಪ ಮಾತ್ರ ತೇಲಿ ಬಂತು. ಮೂರನೆಯ ದಿನ ದೇಹ ಮೇಲೆ ಬಂದಾಗ ಊರೆಲ್ಲ ದಡದಲ್ಲಿ ನಿಂತಿತ್ತು. ಎರಡೂ ಕಾಲುಗಳ ಮೇಲೆ, ನಾಲ್ಕು ನಾಲ್ಕು ಬೆರಳಿಗೆ ಒಂದರಂತೆ, ಸೀಳಿದ ಗಾಯಗಳಿದ್ದವು. ಆಮೆ ಕಚ್ಚಿರಬೇಕು ಎಂದರು ಕೆಲವರು. ಕುಡಿದು ಇಳಿದಿರಬೇಕು ಎಂದರು ಎಲ್ಲರೂ. ಅವನು ಕುಡಿಯುತ್ತಿರಲಿಲ್ಲ. ಅವನ ಹೆಂಡತಿ ಮುನಿಲಕ್ಷ್ಮಿ ಎದೆ ಬಡಿದುಕೊಂಡು ಅದನ್ನೇ ಹೇಳಿದಳು. ಹೆಂಡತಿ ಇನ್ನೇನು ಹೇಳುತ್ತಾಳೆ ಎಂದು ಜನ ತಲೆಯಾಡಿಸಿ ಮನೆಗೆ ಹೋದರು.

ಈಗ ತ್ರಿವೇಣಿ ಹಾಯಿ ಹೊಲಿಯುವ ಕೆಲಸ ಕೊಟ್ಟದ್ದು ಆ ಮುನಿಲಕ್ಷ್ಮಿಗೇ. ಊರಿನಲ್ಲಿ ಮೋಟಾರು ಹಾಕಿದ ಹೊಲಿಗೆ ಯಂತ್ರ ಇದ್ದದ್ದು ಅವಳ ಬಳಿ ಮಾತ್ರ. ಬಿಳಿಯ ಟಾರ್ಪಾಲನ್ನು ರೇಷ್ಮೆ ಮನೆಯ ಜಗಲಿಯ ಮೇಲೆ ಹರಡಿಕೊಂಡು, ಅಂಚುಗಳನ್ನು ಎರಡು ಮಡಿಕೆ ಮಾಡಿ ಹೊಲಿದು, ಹಗ್ಗ ಕಟ್ಟುವ ಮೂಲೆಗಳನ್ನು ದಬ್ಬಳ ಹಿಡಿದು ಕೈಯಲ್ಲೇ ಹೊಲಿಯುತ್ತಿದ್ದಳು. ಶ್ರೀರಾಮಪ್ಪ ಹಾದು ಹೋದರೆ ತಲೆಯೆತ್ತಿ, "ಅಣ್ಣಾ, ಕಾಫಿ ಆಯ್ತಾ?" ಎನ್ನುತ್ತಿದ್ದಳು.

ಅವನು ಪ್ರತಿದಿನ ಬರುತ್ತಿದ್ದ. ಬರದೆ ಇರಲು ಆಗುತ್ತಿರಲಿಲ್ಲ. ಉಪ್ಪುಕಾಗದ ಹಿಡಿದು ದೋಣಿಯ ಹೊಟ್ಟೆ ಉಜ್ಜುವಾಗ, ಮರ ಕೈಗೆ ನುಣ್ಣಗೆ ಹತ್ತುವಾಗ, ಅವನಿಗೆ ಸುಖವೆನಿಸುತ್ತಿತ್ತು. ಮರುಕ್ಷಣವೇ ದೋಣಿಯ ನಡುವಿನ ಸೀಳಿನತ್ತ ಕಣ್ಣು ಹೋಗುತ್ತಿತ್ತು.

"ಇದೇನಕ್ಕಮ್ಮ ಈ ತೂತು?" ಎಂದು ಮೊದಲ ಸಲ ನೋಡಿದಾಗ ಕೇಳಿದ್ದ.

"ನಡುಹಲಗೆ ಇಳಿಯೋಕೆ ಚಿಕ್ಕಪ್ಪ. ಕೆಳಗೆ ನೀರಲ್ಲಿ ಮೂರಡಿ ಇಳಿಯುತ್ತೆ. ಅದಿಲ್ಲದಿದ್ರೆ ಗಾಳಿ ದೋಣೀನ ಪಕ್ಕಕ್ಕೆ ತಳ್ಕೊಂಡು ಹೋಗ್ಬಿಡುತ್ತೆ."

"ಮೂರಡಿ," ಎಂದ ಶ್ರೀರಾಮಪ್ಪ.

ಅವಳು ಆಗಲೇ ಅದನ್ನೂ ಕೇಳಿದಳು. "ನೀವು ಆ ಕಡೆ ಬೆಳೆ ಇಡ್ತಿದ್ರಲ್ಲ, ಕೆಳಗೆ ಏನಾದ್ರೂ ಉಳ್ಕೊಂಡಿದ್ಯಾ? ಕಂಬ, ಪೈಪು?"

ವೇಣುಗೋಪಾಲಾಚಾರಿ ಉಳಿ ನಿಲ್ಲಿಸಿ ಕೇಳುತ್ತಿದ್ದ. ಜಗಲಿಯ ಮೇಲೆ ಯಂತ್ರದ ಸದ್ದೂ ನಿಂತಿತ್ತು.

"ಎಲ್ಲಾ ಕಿತ್ತಾಕಿದ್ದೀನಿ ಕಣಮ್ಮ," ಎಂದ.

ಸಂಕ್ರಾಂತಿಗೆ ದೋಣಿ ಇಳಿಸಬೇಕೆಂದು ತ್ರಿವೇಣಿಯ ಲೆಕ್ಕ. ಡಿಸೆಂಬರ್ ಕೊನೆಯಲ್ಲಿ ಕೂಡುಜಾಗಗಳಿಗೆ ಅಂಟು ಹಚ್ಚುವ ದಿನ, ಅಂಟಿಗೆ ಬೆರೆಸುವ ಎರಡನೆಯ ಡಬ್ಬ ಕಾಣಲಿಲ್ಲ. ಅದಿಲ್ಲದೆ ಅಂಟು ಗಟ್ಟಿಯಾಗುವುದಿಲ್ಲ. ಇಡೀ ಮನೆ ಹುಡುಕಿದರು. ಶ್ರೀರಾಮಪ್ಪನೂ ಹುಡುಕಿದ. ಡಬ್ಬ ಅವನ ಸಗಣಿ ಗುಂಡಿಯ ತಳದಲ್ಲಿತ್ತು. ಬೆಂಗಳೂರಿನಿಂದ ಮತ್ತೊಂದು ಬರುವಷ್ಟರಲ್ಲಿ ಮೂರು ವಾರ ಹೋಯಿತು. ಫೆಬ್ರವರಿಯಲ್ಲಿ ಚುಕ್ಕಾಣಿಯ ಹಿತ್ತಾಳೆ ಕೀಲುಗಳು ಕಾಣೆಯಾದವು. ಅಂಥವು ಅಂಗಡಿಯಲ್ಲಿ ಸಿಗುವುದಿಲ್ಲ. ಬಡಗಿ ಮಾಲೂರಿಗೆ ಎರಡು ಸಲ ಓಡಾಡಿ, ಲೇತ್ ಅಂಗಡಿಯಲ್ಲಿ ಕೂತು ಮಾಡಿಸಿಕೊಂಡು ಬಂದ.

"ಏಮಯ್ಯಾ ಇದು, ಈ ಮನೇಲಿ ಗಾಳಿ ಸರಿಯಿಲ್ಲ," ಎಂದು ಆಚಾರಿ ಬಾಗಿಲ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಶ್ರೀರಾಮಪ್ಪ ಸ್ಟೂಲು ಹಿಡಿದುಕೊಂಡ.

ತಾನು ಮಾಡಿದ್ದೇನು ಎಂದು ಅವನಿಗೆ ಹೊಳೆದದ್ದು ಮಾರ್ಚಿನಲ್ಲಿ, ತೂಬಿನ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುವಾಗ. ಸಂಕ್ರಾಂತಿಯಲ್ಲಿ ಮುಳುಗಿದ್ದ ಮೆಟ್ಟಿಲುಗಳಲ್ಲಿ ಏಳು ಈಗ ಮೇಲಿದ್ದವು. ಬೇಸಿಗೆ ಬೆಳೆಗೆ ತೂಬು ಎತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಕಂಬಗಳ ತಲೆಯ ಮೇಲೆ ಒಂದಾಳು ನೀರಿತ್ತು. ಅವತ್ತು ದೋಣಿ ಇಳಿದಿದ್ದರೆ ಮೂರಡಿ ಹಲಗೆ ಬೇಲಿಗೆ ತಾಕದೆ ದಾಟಿ ಹೋಗುತ್ತಿತ್ತು. ಈಗ ಅವುಗಳ ಮೇಲೆ ಮೊಣಕಾಲುದ್ದ ನೀರು ಅಷ್ಟೇ. ದೋಣಿಯನ್ನು ತಡೆಯಲೆಂದು ಅವನು ಹಾಳುಮಾಡಿದ ಎರಡು ತಿಂಗಳುಗಳೇ ಬೇಲಿಯನ್ನು ಮೇಲಕ್ಕೆ ತಂದಿದ್ದವು. ನೀರಿನ ಮೇಲೆ ಏನೂ ಕಾಣುತ್ತಿರಲಿಲ್ಲ. ಬೆಳ್ಳಕ್ಕಿಗಳು ಮಾತ್ರ ಒಂದೊಂದು ಸಲ ಆ ಜಾಗದ ಮೇಲೆ ಸುತ್ತು ಹೊಡೆದು, ಇಳಿಯುವಂತೆ ಮಾಡಿ, ಮತ್ತೆ ಎದ್ದು ಹೋಗುತ್ತಿದ್ದವು.

ಅಕ್ಕಯಮ್ಮನಿಗೆ ಎಲ್ಲ ಗೊತ್ತಿತ್ತು. ಅನಿಲ್‌ಕುಮಾರನ ಕಾಲು ನೋಡಿ ಬಂದ ದಿನವೇ ಗಂಡ ಅವಳೆದುರು ಅತ್ತಿದ್ದ. ರಾಗಿ ಮುದ್ದೆ ತಟ್ಟೆಗೆ ಹಾಕುತ್ತ ಅವಳು ಹೇಳಿದಳು:

"ಹೇಳ್ಬಿಡಿ. ಆ ದೋಣೀಲಿ ಹೋಗೋದು ನಮ್ಮ ಮಗು."

"ಕಂಬ ಐತೆ ಅಂದ್ರೆ ಅನಿಲ್‌ಕುಮಾರನ ವಿಷಯಾನೂ ಬರ್ತದೆ."

"ಬರ್ಲಿ."

"ಜೈಲಿಗೆ ಹೋಗ್ತೀನಿ ಕಣೇ."

ಅಕ್ಕಯಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವನ ಮುಖ ನೋಡಿದಳು. "ಆ ಹೆಣ್ಣುಮಗಳು ನಮ್ಮ ಜಗಲಿ ಮೇಲೆ ಕೂತ್ಕೊಂಡು ಹೊಲೀತಾಳೆ. ನಾನು ನೀರು ತಂದು ಕೊಡ್ತೀನಿ. ಪಾಪಮು, ಕುಡ್ಕೊಂಡು 'ಚೆನ್ನಾಗಿರಿ ಅಕ್ಕ' ಅಂತಾಳೆ. ನನ್ನ ಕೈಯಲ್ಲಿ ಆಗ್ತಾ ಇಲ್ಲ." ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಗಂಡನೊಂದಿಗೆ ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ.

ಅವನು ಅರ್ಧ ಹೇಳಲು ನೋಡಿದ. ಹುತ್ತೂರಿನ ಕಡೆಯಿಂದ ತಂದ ಸರ್ವೆ ಗಳುವನ್ನು ತ್ರಿವೇಣಿ ಹಾಯಿಯ ಕಂಬಕ್ಕಾಗಿ ಹೆರೆಯುತ್ತಿದ್ದಾಗ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಪಡುವಣ ಕಡೆ ಹೋಗ್ಬೇಡಮ್ಮ, ಹೂಳು ಜಾಸ್ತಿ. ಏರಿ ಹತ್ರಾನೇ ಆಡ್ಕೋ," ಎಂದ.

"ಗಾಳಿಗೆ ಎದುರಾಗಿ ಬರ್ಬೇಕಂದ್ರೆ ಅಡ್ಡಡ್ಡ ಹೋಗ್ಬೇಕು ಚಿಕ್ಕಪ್ಪ. ಆ ದಡಕ್ಕೆ ಹೋಗಿ ತಿರುಗಿಸ್ಕೊಂಡು ಈ ದಡಕ್ಕೆ. ಜಾಗ ಬೇಕು. ಹೂಳಿದ್ರೆ ಏನಂತೆ, ಹಲಗೆ ಎತ್ಕೊಂಡ್ರಾಯ್ತು," ಎಂದು ನಕ್ಕಳು. "ಮೊದಲ್ನೇ ಸಲ ಮುನಿಲಕ್ಷ್ಮಕ್ಕನ್ನ ಕೂರಿಸ್ಕೊಂಡು ಹೋಗ್ತೀನಿ. ಹಾಯಿ ಅವರದ್ದಲ್ವಾ. ಎರಡು ವರ್ಷದಿಂದ ಕೆರೆ ಕಡೆ ಮುಖ ಹಾಕಿಲ್ಲ ಅವರು. ನಾನೇ ಒಪ್ಪಿಸಿದೀನಿ."

ಅವಳ ಕೈಯ ಕೆಳಗೆ ಸರ್ವೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಶ್ರೀರಾಮಪ್ಪ ಎದ್ದು ಹೊರಟ.

ಯುಗಾದಿ ಕಳೆದ ಭಾನುವಾರ, ಬೆಳಿಗ್ಗೆ ಹತ್ತಕ್ಕೆ ದೋಣಿಯನ್ನು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಹೊಟ್ಟಿನ ಚೀಲ ಹಾಸಿ ಕೆರೆಗೆ ತಂದರು. ಹಸಿರು ಬಣ್ಣ ಬಳಿದ ಮೈ, ಬಿಳಿ ಹಾಯಿ. ಏರಿಯ ಮೇಲೆ ಇಡೀ ಊರು. ಆಚಾರಿ ದೋಣಿಯ ಮೂತಿಗೆ ಕುಂಕುಮ ಹಚ್ಚಿ ಕಾಯಿ ಒಡೆದ. ಕಾಯಿ ಎರಡು ಹೋಳಾಗದೆ ಮೂರಾಗಿ ಸಿಡಿದು ಒಂದು ಚೂರು ನೀರಿಗೆ ಬಿತ್ತು. "ಪರ್ವಾಗಿಲ್ಲ, ಕೆರೆಗೂ ಪಾಲು ಬೇಕಲ್ಲ," ಎಂದು ಯಾರೋ ಅಂದರು. ಯಾರೂ ನಗಲಿಲ್ಲ. ತ್ರಿವೇಣಿ ಹಳೆಯ ಕಾಲೇಜಿನಿಂದ ಎರವಲು ತಂದಿದ್ದ ಕಿತ್ತಳೆ ಬಣ್ಣದ ಜಾಕೆಟ್ಟುಗಳಲ್ಲಿ ಒಂದನ್ನು ಮುನಿಲಕ್ಷ್ಮಿಗೆ ತೊಡಿಸಿ, ದೋಣಿ ವಾಲಿದರೆ ಯಾವ ಕಡೆ ಮೈ ಹಾಕಬೇಕೆಂದು ಮತ್ತೊಮ್ಮೆ ಹೇಳಿಕೊಟ್ಟಳು. ಮುನಿಲಕ್ಷ್ಮಿ ನೀರಿಗೆ ಕೈ ಮುಗಿದು ಹತ್ತಿದಳು.

ಶ್ರೀರಾಮಪ್ಪ ಅಲ್ಲಿರಲಿಲ್ಲ. ಸೊಂಟ ನೋವು ಎಂದು ಮನೆಯಲ್ಲೇ ಉಳಿದಿದ್ದ. ಅಕ್ಕಯಮ್ಮ ಹೊರಡುವಾಗ ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಏರಿಯ ಕಡೆಯಿಂದ ಚಪ್ಪಾಳೆ, ಶಿಳ್ಳೆ ಕೇಳಿಬಂದಾಗ ಅವನಿಗೆ ಕೂರಲಾಗಲಿಲ್ಲ. ಹಿತ್ತಲಿಂದ ಹೊರಟು, ಹಿಪ್ಪುನೇರಳೆ ಸಾಲುಗಳ ನಡುವೆ ದಾಟಿ, ತನ್ನ ಹೊಲದ ತುದಿಗೆ, ಪಡುವಣ ದಡಕ್ಕೆ ಬಂದು ನಿಂತ.

ಹಾಯಿ ಗಾಳಿ ಕುಡಿದು ಉಬ್ಬಿತ್ತು. ದೋಣಿ ಸ್ವಲ್ಪ ವಾಲಿಕೊಂಡು ಕೆರೆಯನ್ನು ಸೀಳುತ್ತ ನೇರವಾಗಿ ಅವನತ್ತಲೇ ಬರುತ್ತಿತ್ತು. ಅಷ್ಟು ಚಂದದ ವಸ್ತುವನ್ನು ಅವನು ಆ ಕೆರೆಯಲ್ಲಿ ಕಂಡಿರಲಿಲ್ಲ. ಅದಕ್ಕೂ ಅವನಿಗೂ ನಡುವೆ, ಯಾವ ಗುರುತೂ ಇಲ್ಲದ ನೀರಿನ ಕೆಳಗೆ, ಇಪ್ಪತ್ತೆರಡು ಕಂಬಗಳಿದ್ದವು.

ಕೂಗಿದ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಕೂಗು ಅವನ ಹಿಂದಕ್ಕೇ ಹೋಯಿತು. ಟವೆಲು ಬೀಸಿದ. ಮುನಿಲಕ್ಷ್ಮಿ ಅದನ್ನು ಕಂಡು ತಾನೂ ಖುಷಿಯಿಂದ ಕೈ ಬೀಸಿದಳು.

ಶ್ರೀರಾಮಪ್ಪ ಲುಂಗಿ ಎತ್ತಿ ಕಟ್ಟಿ ನೀರಿಗಿಳಿದ. ಟ್ರ್ಯಾಕ್ಟರಿಗೆಂದು ತಾನೇ ಏರಿಸಿದ್ದ ದಾರಿ ಕಾಲಿಗೆ ಸಿಕ್ಕಿತು. ಸೊಂಟ, ಎದೆ, ಕತ್ತು. ಕಾಲಡಿಯ ಕೆಸರು ಜಾರಿದಾಗ ಈಜಿದ, ಮತ್ತೆ ಕಾಲೂರಿದ. ಅರವತ್ತೆರಡು ವರ್ಷದ ಉಸಿರು ಎದೆಯಲ್ಲಿ ಸಿಕ್ಕಿಕೊಂಡಿತು. ಬೇಲಿಗೆ ಬಾಗಿಲು ಬಿಟ್ಟಿದ್ದ ಜಾಗ ಅವನಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು. ಅಲ್ಲಿ ನುಸುಳಿ, ಮೋಟಾರು ಮನೆಯ ಚಪ್ಪಡಿಯನ್ನು ತಡಕಿ ಹಿಡಿದು, ಮೈಯನ್ನು ಮೇಲಕ್ಕೆಳೆದುಕೊಂಡು ಎದ್ದು ನಿಂತ.

ಏರಿಯ ಮೇಲಿದ್ದವರಿಗೆ, ಕೆರೆಯ ಒಳಗೆ, ಆಳ ನೀರಿನಲ್ಲಿ, ಮೊಣಕಾಲು ಮಟ್ಟಕ್ಕೆ ಮನುಷ್ಯನೊಬ್ಬ ನಿಂತಿರುವುದು ಕಾಣಿಸಿತು. ಗದ್ದಲ ನಿಂತುಹೋಯಿತು. "ನೀರ ಮೇಲೆ ನಿಂತವ್ನೆ," ಎಂದು ಒಬ್ಬ ಪಿಸುಗುಟ್ಟಿದ.

ತ್ರಿವೇಣಿ ಹಾಯಿಯ ಹಗ್ಗ ಸಡಿಲ ಬಿಟ್ಟಳು. ಬಟ್ಟೆ ಪಟಪಟ ಬಡಿದುಕೊಂಡು ದೋಣಿ ನಿಧಾನವಾಯಿತು. "ಚಿಕ್ಕಪ್ಪಾ! ಅಲ್ಲಿ ಹೇಗೆ ನಿಂತಿದ್ದೀರಾ?"

"ಬರ್ಬೇಡ! ಕೆಳಗೆ ಮೋಟಾರು ಮನೆ ಐತೆ. ಸುತ್ತ ಮುಳ್ಳುತಂತಿ ಐತೆ. ಕಿತ್ತಿಲ್ಲಮ್ಮ, ನಾನು ಅದನ್ನ ಕಿತ್ತೇ ಇಲ್ಲ!"

ತ್ರಿವೇಣಿ ನಡುಹಲಗೆಯನ್ನು ಸರಕ್ಕನೆ ಮೇಲೆಳೆದು ಚುಕ್ಕಾಣಿ ತಿರುಗಿಸಿದಳು. ಆದರೆ ಹಲಗೆ ಇಲ್ಲದ ದೋಣಿಯನ್ನು ಗಾಳಿ ಪಕ್ಕಕ್ಕೆ ತಳ್ಳಿತು. ಕೆಳಗೆ ಏನೋ ಕಿರ್ ಎಂದಿತು. ಚುಕ್ಕಾಣಿ ತಂತಿಯಲ್ಲಿ ಸಿಕ್ಕಿ ದೋಣಿ ಹಿಡಿದು ನಿಲ್ಲಿಸಿದಂತೆ ನಿಂತು, ವಾಲತೊಡಗಿತು. ಅಂಚು ನೀರು ಮುಟ್ಟಿತು. ಒಳಗೆ ನೀರು ನುಗ್ಗಿತು.

"ಅಕ್ಕಾ, ಆ ಕಡೆ! ಮೈ ಆ ಕಡೆ ಹಾಕಿ!"

ಮುನಿಲಕ್ಷ್ಮಿ ಎತ್ತರದ ಅಂಚಿನ ಮೇಲೆ ಬೆನ್ನು ಚೆಲ್ಲಿ ಹಗ್ಗ ಹಿಡಿದು ನೇತುಬಿದ್ದಳು. ತ್ರಿವೇಣಿ ಹಾಯಿ ಇಳಿಸಲು ಗಂಟಿನೊಂದಿಗೆ ಗುದ್ದಾಡುತ್ತಿದ್ದಳು.

ಶ್ರೀರಾಮಪ್ಪ ಚಪ್ಪಡಿಯಿಂದ ನೀರಿಗೆ ಬಿದ್ದ. ಮುಳುಗಿ, ಮಣ್ಣು ಬಣ್ಣದ ಕತ್ತಲಲ್ಲಿ ತಂತಿಯನ್ನು ಕೈಯಲ್ಲಿ ತಡವಿದ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು, ಎಳೆದಷ್ಟೂ ಅಂಗೈಗೆ ಹೊಕ್ಕಿತು. ಮೇಲೆ ಬಂದು ಉಸಿರು ಎಳೆದುಕೊಂಡು ಮೂರನೆಯ ಸಲ ಮುಳುಗಿ, ತಂತಿಯನ್ನು ಮೊಣಕೈಗೆ ಸುತ್ತಿಕೊಂಡು, ಕಾಲಿನಿಂದ ಕಂಬವನ್ನು ಒದ್ದು ಕೆಳಕ್ಕೆ ಜಗ್ಗಿದ. ಚುಕ್ಕಾಣಿ ಬಿಟ್ಟುಕೊಂಡಿತು. ದೋಣಿ ನೆಗೆದಂತೆ ನೇರವಾಯಿತು. ಅವನು ಅದರ ಹಿಂಬದಿಗೆ ಜೋತುಬಿದ್ದ. ಇಬ್ಬರು ಹೆಂಗಸರೂ ಹುಟ್ಟು ಹಾಕಿ, ಅವನು ಹೇಳಿದ ಕಡೆಯಿಂದ ಬೇಲಿ ಬಳಸಿ, ದೋಣಿಯನ್ನು ಅವನ ಹೊಲದ ದಡಕ್ಕೆ ತಂದರು.

ದಡದಲ್ಲಿ ಅವನು ಕೆಮ್ಮುತ್ತ ಬೋರಲಾಗಿ ಬಿದ್ದಿದ್ದ. ಏರಿಯ ಜನ ಕೆರೆ ಸುತ್ತಿ ಓಡಿ ಬರಲು ಇನ್ನೂ ಹೊತ್ತಿತ್ತು. ತ್ರಿವೇಣಿ ತನ್ನ ದುಪಟ್ಟಾ ಹರಿದು ಅವನ ಕೈಗೆ ಕಟ್ಟಲು ಹೋದಾಗ ಮುನಿಲಕ್ಷ್ಮಿ ಅವಳನ್ನು ತಡೆದಳು.

"ಇರಮ್ಮ. ಅಣ್ಣಾ, ಕೈ ತೋರ್ಸಿ."

ಮೊಣಕೈಯಿಂದ ಮಣಿಕಟ್ಟಿನವರೆಗೆ, ನಾಲ್ಕು ಬೆರಳಿಗೊಂದರಂತೆ, ಸೀಳು ಗಾಯ. ಮುನಿಲಕ್ಷ್ಮಿ ಒಂದೊಂದನ್ನೂ ನೋಡಿದಳು.

"ಅವರ ಕಾಲಲ್ಲಿ ಇದೇ ಇತ್ತು."

ಶ್ರೀರಾಮಪ್ಪ ಕೈಯನ್ನು ಎದೆಗೆ ಎಳೆದುಕೊಂಡ.

"ಅವರೆಲ್ಲ ಬರ್ತಾವ್ರೆ," ಎಂದಳು ಅವಳು, ಏರಿಯ ಕಡೆ ನೋಡುತ್ತ. "ಬಂದ್ಮೇಲೆ ಎದ್ದು ನಿಂತ್ಕೊಂಡು ಹೇಳ್ಬೇಕು. ಅವರು ಕುಡ್ದಿರ್ಲಿಲ್ಲ ಅಂತ. ನಿಮ್ಮ ಬಾಯಲ್ಲೇ."

ಜನ ಬಂದರು. ಅವನು ಎದ್ದು ನಿಂತು ಹೇಳಿದ. ಎಲ್ಲವನ್ನೂ ಹೇಳಿದ, ಅಂಟಿನ ಡಬ್ಬದ ವಿಷಯವನ್ನೂ. ಆಚಾರಿ ನೆಲಕ್ಕೆ ಉಗಿದು ಮುಖ ತಿರುಗಿಸಿದ. ಅಕ್ಕಯಮ್ಮ ಗುಂಪಿನ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸಂಜೆಯೊಳಗೆ ಅವನು ತಾನೇ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಟ್ಟ. ಕೇಸು ದಾಖಲಾಯಿತು, ಜಾಮೀನಿನ ಮೇಲೆ ಬಂದ. ತ್ರಿವೇಣಿ ಮುಳಬಾಗಿಲಿನಲ್ಲಿ ಬಾಡಿಗೆ ಕೋಣೆ ಹಿಡಿದಳು. ಚಿಕ್ಕಮ್ಮನಿಗೆ ಫೋನು ಮಾಡುತ್ತಾಳೆ, ಚಿಕ್ಕಪ್ಪನನ್ನು ಕೇಳುವುದಿಲ್ಲ. ದೋಣಿ ಆಚಾರಿಯ ಮನೆಯ ಮುಂದಿದೆ. ಕಂಬಗಳೆಲ್ಲ ಹೊರಬಂದ ಮೇಲೆ ಇಳಿಸೋಣ ಎಂದು ಅವಳು ಹೇಳಿದ್ದಾಳೆ.

ಮೇ ತಿಂಗಳಲ್ಲಿ, ಹಿಂದಿನ ಯಾವ ಬೇಸಿಗೆಯಲ್ಲೂ ಬಿಡದಷ್ಟು ನೀರನ್ನು ತೂಬಿನಿಂದ ಹೊರಬಿಟ್ಟು, ಕಂಬಗಳ ಬುಡ ಕಂಡಾಗ ಕೀಳುವ ಕೆಲಸ ಶುರುವಾಯಿತು. ಕೆಸರಿಗೆ ಜೆಸಿಬಿ ಇಳಿಯಲಿಲ್ಲ. ಆರು ಜನ ಹಗ್ಗ ಕಟ್ಟಿ ಎಳೆದರು, ಅವರಲ್ಲಿ ಶ್ರೀರಾಮಪ್ಪನೂ ಒಬ್ಬ. ಅವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಮುನಿಲಕ್ಷ್ಮಿ ದಿನವೂ ಬಂದು ದಡದ ಹುಣಸೆ ಮರದ ಕೆಳಗೆ ಕೂತು ನೋಡುತ್ತಿದ್ದಳು. ಐದನೆಯ ದಿನ, ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ, ಅವಳು ಎದ್ದು ಅವನ ಹತ್ತಿರ ಬಂದಳು.

"ಒಂದು ಕೇಳ್ತೀನಿ," ಎಂದಳು. ಅಣ್ಣಾ ಎನ್ನಲಿಲ್ಲ. "ಅವರನ್ನ ದಡಕ್ಕೆ ತಂದು ಮಲಗಿಸಿದ್ರಲ್ಲ, ಆವತ್ತು ಎಲ್ಲರೂ ಕುಡ್ದಿದ್ದ ಅಂದ್ರಲ್ಲ. ನೀವೂ ಅಲ್ಲೇ ನಿಂತಿದ್ರಿ. ಆವತ್ತೇ ಗೊತ್ತಿತ್ತಾ?"

ಅವನ ಮೊಣಕಾಲವರೆಗೆ ಕೆಸರಿತ್ತು. ಸುಳ್ಳು ಹೇಳಲು ಈಗಲೂ ಆಗುತ್ತಿತ್ತು. ಆಮೇಲೆ ಗೊತ್ತಾಯಿತು ಎಂದರೆ ಅವಳು ನಂಬುತ್ತಿದ್ದಳೋ ಏನೋ.

"ಗೊತ್ತಿತ್ತು," ಎಂದ.

ಮುನಿಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಪ್ಪುನೇರಳೆಯ ಬದುವಿನ ಮೇಲೆ ಊರಿನ ಕಡೆ ನಡೆದಳು. ಶ್ರೀರಾಮಪ್ಪ ಹಗ್ಗ ಎತ್ತಿಕೊಂಡು ಮುಂದಿನ ಕಂಬಕ್ಕೆ ಕುಣಿಕೆ ಹಾಕಿದ. ಇನ್ನೂ ಒಂಬತ್ತು ಉಳಿದಿದ್ದವು. ತೆಂಕಣ ದಿಕ್ಕಿನಲ್ಲಿ ಗುಡುಗಿತು.